ಗಡ್ಡವೂ ಕಂಬಳಿಯೂ

ಪುಷ್ಯಮಾಸದ ಬನದ ಹುಣ್ಣಿಮೆ ಸಮೀಪಿಸಿ, ಎಲ್ಲಮ್ಮನ ಗುಡ್ಡದ ಜಾತ್ರೆಗೆಂದು ಹೊರಟ ಕೊಲ್ಲಾರಿ ಚಕ್ಕಡಿಗಳು ಎರೆಹೊಲಗಳ ನಡುವಿನ ಹಾದಿಗಳಲ್ಲಿ ರಾತ್ರಿಯೆಲ್ಲ ಸಾಗತೊಡಗುವ ಕಾಲಕ್ಕೆ, ಮಲಪ್ರಭೆಯ ದಂಡೆಯ ಮನೋಳಿಯಲ್ಲಿಯೂ ಅದರ ನೆರೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿಯೂ ಥಂಡಿಯು ತನ್ನ ಪೂರ್ಣಬಲವನ್ನು ಪಡೆದಿರುತ್ತದೆ. ಹಿಮಾಲಯದ ತಪ್ಪಲಿನವರು ಇದನ್ನು ಚಳಿಯೆಂದು ಎಣಿಸಲಾರರು. ನಸುಕಿನಲ್ಲಿ ಉಷ್ಣಮಾಪಕವು 12ರಿಂದ 14 ಡಿಗ್ರಿ ಸೆಲ್ಸಿಯಸ್ ತೋರಿಸುವುದು ಇಲ್ಲಿ ಸಾಮಾನ್ಯ. ಥಂಡಿ ಬಲಿತ ವರ್ಷಗಳಲ್ಲಿ ಅದು 10ರ ಆಸುಪಾಸಿಗೆ ಇಳಿಯುವುದುಂಟು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಬೆವರಿ ದುಡಿದ ದೇಹವೇ ಕೆಲವು ತಾಸುಗಳೊಳಗಾಗಿ ಈ ತಂಪಿಗೆ ಮೈಯೊಡ್ಡಬೇಕಾಗುವುದರಿಂದಲೂ, ಮುಚ್ಚಿದ ಕೋಣೆಯ ಆಶ್ರಯವಿಲ್ಲದೆ ಹೊಲದಲ್ಲಿ, ಹಾದಿಯಲ್ಲಿ, ನದಿಯ ದಂಡೆಯಲ್ಲಿ ರಾತ್ರಿಯನ್ನು ಕಳೆಯತಕ್ಕವರು ಇಲ್ಲಿ ಅನೇಕರಿರುವುದರಿಂದಲೂ, ಈ ಹತ್ತು ಹನ್ನೆರಡು ಡಿಗ್ರಿಗಳು ಅಂಕಿಯಲ್ಲಿ ತೋರುವುದಕ್ಕಿಂತ ಕಠಿಣವಾಗಿಯೇ ಮೈಗೆ ತಾಗುತ್ತವೆ.

ಹೀಗೆ ಬಯಲಿನಲ್ಲಿ ರಾತ್ರಿ ಕಳೆಯುವವರಲ್ಲಿ ಅಗ್ರಗಣ್ಯರು ಕುರಿಗಾರರು. ಪೈರು ಕೊಯ್ದು ಬರಿದಾದ ಹೊಲಗಳಲ್ಲಿ ಕುರಿ ನಿಲ್ಲಿಸಿ, ಅವುಗಳ ಹಿಕ್ಕೆಯನ್ನೂ ಗಂಜಳವನ್ನೂ ಭೂಮಿಗೆ ಗೊಬ್ಬರವಾಗಿ ಕೊಟ್ಟು, ಪ್ರತಿಯಾಗಿ ಹೊಲದ ಒಡೆಯನಿಂದ ಕಾಳನ್ನೋ ಹಣವನ್ನೋ ಪಡೆದು, ಮತ್ತೆ ಮುಂದಿನ ಹೊಲಕ್ಕೆ ಸಾಗುವ ಇವರ ಜೀವನದಲ್ಲಿ ಆಕಾಶವೇ ಮಾಳಿಗೆ. ಇವರಲ್ಲಿ ವಯಸ್ಸಾದವರು ಗಡ್ಡ ಬಿಟ್ಟಿರುವುದು ವಿಶೇಷವಲ್ಲ. ಅಂಥ ಹಿರಿಯನೊಬ್ಬನನ್ನು ನೋಡಿ ಊರ ಹುಡುಗನೊಬ್ಬನು, “ಯಜ್ಜಾ, ನಿನಗೇನ್ ಬಿಡು, ಗಡ್ಡ ಐತಿ, ಥಂಡಿ ಹತ್ತೂದಿಲ್ಲ” ಎಂದರೆ, ಅವನಿಂದ ಬರತಕ್ಕ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: “ಗಡ್ಡದಿಂದ ಥಂಡಿ ಹೋಗೂಹಂಗಿದ್ರ, ನಾ ಈ ಕಂಬಳಿ ಯಾಕ ಹೊತಗೊಂಡ ತಿರಗತಿದ್ನೋ ತಮ್ಮಾ?” ಹುಡುಗನ ಮಾತಿನಲ್ಲಿ ಲೋಕದ ಬಹುಜನರ ನಂಬಿಕೆಯಿದೆ, ಮುದುಕನ ಮಾತಿನಲ್ಲಿ ಅನುಭವವಿದೆ. ಇವೆರಡರಲ್ಲಿ ಯಾವುದು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಭೌತಶಾಸ್ತ್ರದ ಮತ್ತು ಶರೀರಶಾಸ್ತ್ರದ ನೆರವಿನಿಂದ ಪರೀಕ್ಷಿಸುವುದೇ ಈ ಅಧ್ಯಾಯದ ಉದ್ದೇಶ.

ಮನುಷ್ಯನ ದೇಹವು ಸುಮ್ಮನೆ ಕುಳಿತಿರುವಾಗಲೂ ಸುಮಾರು 100 ವಾಟ್ ಶಕ್ತಿಯ ಉಷ್ಣವನ್ನು ಎಡೆಬಿಡದೆ ಉತ್ಪಾದಿಸುತ್ತದೆ. ಬಿರುಸಾಗಿ ನಡೆಯುವಾಗ ಅದು ಎರಡು ಮೂರು ಪಟ್ಟಾಗುತ್ತದೆ. ಈ ಉಷ್ಣವು ಹೊರಕ್ಕೆ ಹೋಗಲೇಬೇಕು; ಹೋಗದಿದ್ದರೆ ಬೇಸಗೆಯಲ್ಲಿ ನಾವು ಬದುಕಲಾರೆವು. ಹೋಗುವ ಮಾರ್ಗಗಳು ಹಲವು. ಚರ್ಮವನ್ನು ತಾಗಿದ ಗಾಳಿ ಬೆಚ್ಚಗಾಗಿ ಅತ್ತ ಸರಿದು, ಅದರ ಸ್ಥಾನಕ್ಕೆ ತಣ್ಣನೆಯ ಗಾಳಿ ಬರುತ್ತದೆ. ಬೆವರು ಆರುವಾಗ ಉಷ್ಣವನ್ನು ಕೊಂಡೊಯ್ಯುತ್ತದೆ. ತಣ್ಣನೆಯ ನೆಲದ ಮೇಲೆ ಮಲಗಿದರೆ ನೆಲವು ಹೀರಿಕೊಳ್ಳುತ್ತದೆ. ಇವೆಲ್ಲದರ ಜೊತೆಗೆ, ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ದೇಹವು ತನ್ನ ಸುತ್ತಲಿನ ತಂಪಾದ ವಸ್ತುಗಳ ಕಡೆಗೆ ಸದಾ ಉಷ್ಣವನ್ನು ಸೂಸುತ್ತಿರುತ್ತದೆ. ಮೋಡವಿಲ್ಲದ, ತೇವವಿಲ್ಲದ ಪುಷ್ಯಮಾಸದ ಆಕಾಶವು ಅಂಥ ತಂಪಾದ ವಸ್ತುಗಳಲ್ಲಿ ಅತ್ಯಂತ ದೊಡ್ಡದು. ಕೊಲ್ಲಾರಿ ಚಕ್ಕಡಿಯ ಕಮಾನಿನ ಕೆಳಗೆ ಮಲಗಿದ ಮಕ್ಕಳಿಗೆ ಹೊರಗೆ ಕುಳಿತ ಸವಾರನಿಗಿಂತ ಥಂಡಿ ಕಡಿಮೆಯೆನಿಸುವುದಕ್ಕೆ, ಆ ಕಮಾನು ಗಾಳಿಯನ್ನು ತಡೆಯುವುದು ಒಂದು ಕಾರಣವಾದರೆ, ಮೇಲಿನ ತಣ್ಣನೆಯ ಆಕಾಶವನ್ನು ಅವರ ಮೈಯಿಂದ ಮರೆಮಾಡುವುದು ಇನ್ನೊಂದು ಕಾರಣ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ಗ್ರಹಿಸತಕ್ಕದ್ದು: ಉಣ್ಣೆಯಾಗಲಿ ಅರಳೆಯಾಗಲಿ ಕೂದಲಾಗಲಿ ತಾನಾಗಿಯೇ ಬೆಚ್ಚಗಿನ ಪದಾರ್ಥವಲ್ಲ. ಉಷ್ಣವನ್ನು ಸಾಗಿಸುವ ಶಕ್ತಿಯನ್ನು ಅಳೆಯುವ ಮಾನದಲ್ಲಿ ನಿಶ್ಚಲವಾದ ಗಾಳಿಯ ಮೌಲ್ಯವು ಸುಮಾರು 0.025 ಆದರೆ, ಕೂದಲು ಮತ್ತು ಉಣ್ಣೆಗಳೆರಡಕ್ಕೂ ಮೂಲದ್ರವ್ಯವಾದ ಕೆರಾಟಿನ್ನಿನದು ಸುಮಾರು 0.2, ನೀರಿನದು ಸುಮಾರು 0.6. ಎಂದರೆ ಕೂದಲಿನ ಎಳೆಯು ತನ್ನಷ್ಟೇ ದಪ್ಪದ ನಿಶ್ಚಲ ವಾಯುವಿಗಿಂತ ಎಂಟರಷ್ಟು ಸುಲಭವಾಗಿ ಉಷ್ಣವನ್ನು ಹೊರಗೆ ಬಿಡುತ್ತದೆ, ನೀರಂತೂ ಇಪ್ಪತ್ತನಾಲ್ಕರಷ್ಟು. ನಮ್ಮನ್ನು ಬೆಚ್ಚಗಿಡುವುದು ಗಾಳಿಯೇ. ಎಳೆಗಳ ಕಾರ್ಯವು ಆ ಗಾಳಿಯನ್ನು ಅಲುಗದಂತೆ ಹಿಡಿದು ನಿಲ್ಲಿಸುವುದು ಮಾತ್ರ. ಆದಕಾರಣ ಗಡ್ಡವು ಬೆಚ್ಚಗಿಡುವುದೋ ಇಲ್ಲವೋ ಎಂಬ ಪ್ರಶ್ನೆಯನ್ನು, ಗಡ್ಡವು ಎಷ್ಟು ಗಾಳಿಯನ್ನು ಎಷ್ಟು ಭದ್ರವಾಗಿ ಹಿಡಿದಿಡಬಲ್ಲುದು ಎಂಬ ಪ್ರಶ್ನೆಯಾಗಿ ಪರಿವರ್ತಿಸಿಕೊಂಡರೆ ಉತ್ತರದ ಅರ್ಧಭಾಗವು ತಾನಾಗಿಯೇ ದೊರೆಯುತ್ತದೆ.

ಗಡ್ಡದ ಕೂದಲು ಒರಟು. ಒಂದೊಂದು ಎಳೆಯ ವ್ಯಾಸವು ಮಿಲಿಮೀಟರಿನ ಹತ್ತನೆಯ ಒಂದಂಶದ ಸುಮಾರಿಗಿದ್ದು, ತಲೆಗೂದಲಿಗಿಂತ ದಪ್ಪನಾಗಿರುತ್ತದೆ. ಗಲ್ಲದ ಮೇಲೆ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಇಂಥ ಎಳೆಗಳು ಕೆಲವು ಹತ್ತುಗಳಷ್ಟೆ ಇರುತ್ತವೆ. ಐವತ್ತು ಎಂದು ಹಿಡಿದರೂ ಅವೆಲ್ಲವುಗಳ ಅಡ್ಡಕೊಯ್ತದ ವಿಸ್ತಾರವು ಆ ಜಾಗದ ನೂರರಲ್ಲಿ ಅರ್ಧ ಭಾಗವನ್ನೂ ಮುಟ್ಟುವುದಿಲ್ಲ. ಉಳಿದದ್ದೆಲ್ಲವೂ ತೆರವು. ಮೆರಿನೊ ಜಾತಿಯ ಕುರಿಯ ಚರ್ಮದಲ್ಲಿ ಅಷ್ಟೇ ಜಾಗದಿಂದ ಸಾವಿರಾರು ಎಳೆಗಳು ಹೊರಡುತ್ತವೆ. ಅವುಗಳ ವ್ಯಾಸವು ಗಡ್ಡದ ಎಳೆಯ ಐದನೆಯ ಒಂದಂಶ. ನಮ್ಮ ಸೀಮೆಯ ದಖ್ಖನಿ ಕುರಿಯ ಉಣ್ಣೆಯು ಮೆರಿನೊದಷ್ಟು ನಯವಲ್ಲ, ದಟ್ಟವೂ ಅಲ್ಲ. ಅದರಲ್ಲಿ ಒರಟು ರೋಮಗಳ ಮಿಶ್ರಣವುಂಟು. ಆದರೂ ಅದರೊಡನೆ ಹೋಲಿಸಿದರೆ ಮನುಷ್ಯನ ಗಲ್ಲವು ಅಡವಿಯ ಮುಂದೆ ಹಕ್ಕಲು ಹೊಲವಿದ್ದಂತೆ. ಎಳೆಗಳು ಸೂಕ್ಷ್ಮವಾದಷ್ಟೂ, ದಟ್ಟವಾದಷ್ಟೂ, ಗುಂಗುರುಗೊಂಡು ಒಂದಕ್ಕೊಂದು ಹೆಣೆದಷ್ಟೂ ಅವುಗಳ ನಡುವಿನ ಗಾಳಿಗೆ ಚಲಿಸುವುದು ದುಸ್ತರವಾಗುತ್ತದೆ. ವಿರಳವಾಗಿ ನಿಂತ ದಪ್ಪ ಎಳೆಗಳ ನಡುವೆ ಅದು ನಿರಾಯಾಸವಾಗಿ ಹಾದುಹೋಗುತ್ತದೆ.

ಹಾಗಾದರೆ ಗಡ್ಡವು ನಿಷ್ಪ್ರಯೋಜಕವೆ? ಹಾಗೆನ್ನಲಾಗದು. ಗಾಳಿಯೇ ಬೀಸದ ನಿಶ್ಶಬ್ದ ರಾತ್ರಿಯಲ್ಲಿ ಬರಿಯ ಚರ್ಮದ ಮೇಲೆಯೂ ಕೆಲವು ಮಿಲಿಮೀಟರ್ ದಪ್ಪದ ಬೆಚ್ಚನೆಯ ವಾಯುಪಟಲವೊಂದು ತಾನಾಗಿಯೇ ನಿಂತಿರುತ್ತದೆ. ಮೂಡಗಾಳಿ ಬೀಸತೊಡಗಿದಾಗ ಈ ಪಟಲವು ಕಿತ್ತುಹೋಗಿ ತೆಳ್ಳಗಾಗುತ್ತದೆ. ಚಳಿ ‘ಹೊಡೆಯುತ್ತದೆ’ ಎಂದು ನಾವು ಹೇಳುವುದು ಈ ಸ್ಥಿತಿಯನ್ನೇ. ಒಂದೆರಡು ಅಂಗುಲ ಬೆಳೆದ ದಟ್ಟವಾದ ಗಡ್ಡವು ಮಂದಮಾರುತದಲ್ಲಿ ಈ ಪಟಲವನ್ನು ಹರಿಯಗೊಡದೆ ಕಾಪಾಡಬಲ್ಲುದು. ಗಾಳಿಯ ವೇಗ ಹೆಚ್ಚಿದಂತೆ ಕೂದಲುಗಳು ಇಬ್ಭಾಗವಾಗಿ ಬಾಗಿ, ಗಾಳಿಯು ಚರ್ಮದವರೆಗೂ ನುಗ್ಗಿ, ಆ ರಕ್ಷಣೆಯು ಕ್ಷೀಣಿಸುತ್ತ ಹೋಗುತ್ತದೆ. ನಿಶ್ಚಲ ಹವೆಯಲ್ಲಿ ಅದರ ಅಗತ್ಯವೇ ಅಲ್ಪ, ಬಿರುಗಾಳಿಯಲ್ಲಿ ಅದರ ಸಾಮರ್ಥ್ಯವೇ ಅಲ್ಪ. ನಡುವಿನ ಸೌಮ್ಯ ಗಾಳಿಯಲ್ಲಿ ಮಾತ್ರ ಅದು ಕಾಣುವಷ್ಟು ಉಪಕಾರವನ್ನು ಮಾಡುತ್ತದೆ.

ಗಾಳಿಯು ಶೀತವನ್ನು ಎಷ್ಟು ಹೆಚ್ಚಿಸುತ್ತದೆಂಬುದನ್ನು ಮೊಟ್ಟಮೊದಲು ಕ್ರಮವಾಗಿ ಅಳೆದವರು ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. 1941ರಲ್ಲಿ ಅಂಟಾರ್ಕ್ಟಿಕದ ಶಿಬಿರದಲ್ಲಿ ಅವರು ಪ್ಲಾಸ್ಟಿಕ್ಕಿನ ಸಣ್ಣ ಉರುಳೆಯೊಂದರಲ್ಲಿ ನೀರು ತುಂಬಿ, ಅದನ್ನು ಗಾಳಿಗೆ ತೂಗುಹಾಕಿ, ಬೇರೆ ಬೇರೆ ವೇಗದ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ತಗಲುವ ಕಾಲವನ್ನು ಗುರುತುಹಾಕಿಕೊಂಡರು. ಅಷ್ಟೊಂದು ಸರಳವಾದ ಸಾಧನದಿಂದ ಅಷ್ಟು ಉಪಯುಕ್ತವಾದ ಜ್ಞಾನವನ್ನು ಪಡೆದ ಉದಾಹರಣೆಗಳು ವಿಜ್ಞಾನದ ಚರಿತ್ರೆಯಲ್ಲಿ ವಿರಳವೆಂದೇ ನನ್ನ ಭಾವನೆ. ಆದರೆ ನೀರಿನ ಉರುಳೆಯು ಮನುಷ್ಯನ ಮುಖವಲ್ಲವಾದುದರಿಂದ, 2001ರಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳ ಹವಾಮಾನ ಇಲಾಖೆಗಳು ಈ ಲೆಕ್ಕವನ್ನು ತಿದ್ದಿ, ಗಾಳಿಗೆ ಎದುರಾಗಿ ನಡೆಯುವ ಮನುಷ್ಯನ ಬರಿಯ ಮುಖವನ್ನೇ ಆಧಾರವಾಗಿಟ್ಟುಕೊಂಡ ಹೊಸ ಸೂತ್ರವನ್ನು ಅಂಗೀಕರಿಸಿದುವು. ಆ ಸೂತ್ರದ ಪ್ರಕಾರ 10 ಡಿಗ್ರಿಯ ಹವೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮುಖಕ್ಕೆ ಅದು ಸುಮಾರು 7 ಡಿಗ್ರಿಯಂತೆಯೂ, 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ 6 ಡಿಗ್ರಿಯಂತೆಯೂ ತೋರುತ್ತದೆ. ನಸುಕಿನಲ್ಲಿ ಮನೋಳಿಯಿಂದ ಮೋಟಾರ್ ಸೈಕಲ್ ಹತ್ತಿ ಸವದತ್ತಿಗೋ ಬೈಲಹೊಂಗಲಕ್ಕೋ ಹೊರಡುವ ತರುಣನು, ಒಂದು ಎಲೆಯೂ ಅಲುಗದ ಹವೆಯಲ್ಲಿದ್ದರೂ, ತನ್ನ ವಾಹನದ ವೇಗದಿಂದಲೇ ಈ 40 ಕಿಲೋಮೀಟರಿನ ಗಾಳಿಯನ್ನು ತನ್ನ ಮುಖಕ್ಕೆ ತಾನೇ ಬೀಸಿಕೊಳ್ಳುತ್ತಾನೆ. ಗಡ್ಡವು ಸೋಲುವ ಸಂದರ್ಭವು ಇದೇ.

ಇನ್ನು ಗಡ್ಡದಿಂದ ದೇಹಕ್ಕೆ ಉಳಿಯುವ ಉಷ್ಣದ ಮೊತ್ತವನ್ನು ಸ್ಥೂಲವಾಗಿ ಗಣಿಸೋಣ. ಬೆರಳುಗಳು ಸೇರಿ ಒಂದು ಅಂಗೈಯ ವಿಸ್ತಾರವು ಮೈಚರ್ಮದ ಸುಮಾರು ನೂರನೆಯ ಒಂದು ಪಾಲು. ಗಡ್ಡ ಬೆಳೆಯುವ ಗಲ್ಲ, ದವಡೆ, ಗದ್ದ, ಕೊರಳಿನ ಮುಂಭಾಗಗಳನ್ನೆಲ್ಲ ಎರಡು ಅಂಗೈಗಳಿಂದ ಮುಚ್ಚಬಹುದಾದ ಕಾರಣ ಅದು ಎರಡು ಪಾಲಿಗೆ ಮೀರುವುದಿಲ್ಲ. ಚದರ ಸೆಂಟಿಮೀಟರಿನಲ್ಲಿ ಹೇಳುವುದಾದರೆ ಸುಮಾರು 300. ಹವೆ 12 ಡಿಗ್ರಿಯಿದ್ದು, ಮುಖದ ಚರ್ಮವು 25 ಡಿಗ್ರಿಗೆ ತಣಿದು, ಸಾಧಾರಣ ವೇಗದ ಗಾಳಿ ಬೀಸುತ್ತಿದ್ದರೆ, ಅಷ್ಟು ಜಾಗದಿಂದ ಹೊರಬೀಳುವ ಉಷ್ಣವು 12 ವಾಟಿನ ಸುಮಾರಿಗಿರುತ್ತದೆ. ಗಾಳಿಯೊಂದಿಷ್ಟೂ ನುಸುಳದಂಥ ಆದರ್ಶವಾದ ಗಡ್ಡವೊಂದಿದ್ದರೆ ಅದು ಇದರಲ್ಲಿ 10 ವಾಟನ್ನು ಉಳಿಸೀತು. ನಿಜವಾದ ಗಡ್ಡವು ಅದರರ್ಧವನ್ನು ಉಳಿಸಿದರೂ ಹೆಚ್ಚೆನ್ನಬೇಕು. ಎದ್ದು ನಾಲ್ಕು ಹೆಜ್ಜೆ ನಡೆದಾಡಿದರೆ ದೇಹವೇ ನೂರು ವಾಟಿಗೂ ಅಧಿಕವಾದ ಉಷ್ಣವನ್ನು ಹೊಸದಾಗಿ ಹುಟ್ಟಿಸುತ್ತದೆಂಬುದನ್ನು ನೆನೆದಾಗ, ಐದು ವಾಟಿನ ಈ ಉಳಿತಾಯವು ಎಷ್ಟರದೆಂದು ತಿಳಿಯುತ್ತದೆ.

ಈ ಲೆಕ್ಕಕ್ಕೆ ವಿರುದ್ಧವೆನಿಸುವಂತೆ, ದೇಹದ ಉಷ್ಣದಲ್ಲಿ ಅರ್ಧದಷ್ಟು ತಲೆಯಿಂದಲೇ ಹೊರಹೋಗುತ್ತದೆಂಬ ಮಾತು ಬಹುಕಾಲದಿಂದ ಪುಸ್ತಕಗಳಲ್ಲಿಯೂ ಜನರ ಬಾಯಲ್ಲಿಯೂ ಬಂದಿದೆ. ಇದನ್ನು 2008ರಲ್ಲಿ ವ್ರೀಮನ್ ಮತ್ತು ಕ್ಯಾರಲ್ ಎಂಬ ಅಮೆರಿಕದ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪರಿಶೀಲಿಸಿ, ಆಧಾರವಿಲ್ಲದ ನಂಬಿಕೆಯೆಂದು ತೋರಿಸಿದರು. ತಲೆಯು ಮೈಯ ಹತ್ತನೆಯ ಒಂದು ಪಾಲು. ಅದರಿಂದ ಹೋಗುವ ಉಷ್ಣವೂ ಹೆಚ್ಚುಕಡಿಮೆ ಅದೇ ಪ್ರಮಾಣದ್ದು. ಉಳಿದ ಮೈಯೆಲ್ಲ ಬಟ್ಟೆಯಲ್ಲಿದ್ದು ತಲೆಯೊಂದೇ ಬರಿದಾಗಿರುವಾಗ ಅದರ ಪಾಲು ಹೆಚ್ಚಾಗಿ ತೋರುವುದು ಸಹಜ.

ಆದರೂ ಗಡ್ಡ ಬಿಟ್ಟವರು, ಅದನ್ನು ಬೋಳಿಸಿಕೊಂಡ ದಿನ ಹೊರಗೆ ಹೋದರೆ ಥಂಡಿ ವಿಪರೀತವೆನಿಸುತ್ತದೆ ಎಂದು ಹೇಳುವುದನ್ನು ಸುಳ್ಳೆನ್ನುವಂತಿಲ್ಲ. ಅವರ ಅನುಭವ ಸತ್ಯವೇ. ಅದರ ಮೂಲವು ಮಾತ್ರ ವಾಟುಗಳ ಲೆಕ್ಕದಲ್ಲಿಲ್ಲ, ನರಗಳ ಸ್ವಭಾವದಲ್ಲಿದೆ. ಕೈಕಾಲುಗಳಿಗೆ ಶೀತ ತಗುಲಿದಾಗ ಅಲ್ಲಿನ ರಕ್ತನಾಳಗಳು ಸಂಕೋಚಗೊಂಡು ಉಷ್ಣವನ್ನು ಒಳಗೇ ಹಿಡಿದುಕೊಳ್ಳುತ್ತವೆ. ಮುಖದ ನಾಳಗಳು ಹಾಗೆ ಬಲವಾಗಿ ಮುದುಡುವುದಿಲ್ಲ. ಮೇಲಾಗಿ ಮುಖಕ್ಕೆ ಸಂವೇದನೆಯನ್ನು ಕೊಡುವ ತ್ರಿಶಾಖೀಯ ನರದ ತುದಿಗಳು ಶೀತದ ವಿಷಯದಲ್ಲಿ ಅತ್ಯಂತ ಸೂಕ್ಷ್ಮಗ್ರಾಹಿಗಳು. ಆ ತುದಿಗಳಲ್ಲಿ ಶೀತವನ್ನು ಅರಿಯುವ ಪ್ರೋಟೀನೊಂದನ್ನು 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಎಂಬ ವಿಜ್ಞಾನಿಗಳು ಪ್ರತ್ಯೇಕವಾಗಿ ಕಂಡುಹಿಡಿದರು. ಉಷ್ಣ ಮತ್ತು ಸ್ಪರ್ಶಗಳ ಸಂವೇದನೆಯ ಕುರಿತಾದ ಶೋಧಗಳಿಗಾಗಿ ಅವರಿಗೆ 2021ರ ನೊಬೆಲ್ ಪಾರಿತೋಷಕವೂ ದೊರೆಯಿತು. ಪುದೀನದ ಸತ್ವವಾದ ಮೆಂಥಾಲ್ ಚರ್ಮಕ್ಕೆ ತಾಗಿದಾಗ, ಅದು ಒಂದು ಡಿಗ್ರಿಯಷ್ಟೂ ತಣಿಯದಿದ್ದರೂ, ತಂಪೆನಿಸುವುದು ಈ ಪ್ರೋಟೀನಿನ ಮೂಲಕವೇ. ಅನಿಸುವ ಚಳಿಯೂ ನಷ್ಟವಾಗುವ ಉಷ್ಣವೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಪ್ರಮಾಣ ಬೇಡ. ಮುಖದ ಮೇಲಿನ ಐದು ವಾಟಿನ ಉಳಿತಾಯವು ಒಟ್ಟು ದೇಹಕ್ಕೆ ನಗಣ್ಯವಾದರೂ, ಮನಸ್ಸಿಗೆ ಬರುವ ಶೀತದ ವರದಿಯನ್ನು ಅದು ಸಾಕಷ್ಟು ಮೃದುಗೊಳಿಸುತ್ತದೆ.

ಈ ಮಾತಿಗೆ ಒಂದು ಅಪಾಯವೂ ಅಂಟಿಕೊಂಡಿದೆ. ಮುಖಕ್ಕೆ ಥಂಡಿ ಹತ್ತಲಿಲ್ಲವೆಂದು ಬರಿಯ ಅಂಗಿಯಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋದ ಮನುಷ್ಯನ ಮೈಯಿಂದ ಉಷ್ಣವು ಎಂದಿನಂತೆಯೇ ಹೊರಟುಹೋಗುತ್ತಿರುತ್ತದೆ.

ತೇವದ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಾವು ಬಿಡುವ ಉಸಿರು ನೀರಾವಿಯಿಂದ ತುಂಬಿರುತ್ತದೆ. ದಿನವೊಂದಕ್ಕೆ ಸುಮಾರು 300ರಿಂದ 400 ಮಿಲಿಲೀಟರ್ ನೀರು ಈ ಮಾರ್ಗವಾಗಿ ದೇಹವನ್ನು ಬಿಡುತ್ತದೆ. ತಣ್ಣನೆಯ ಬೆಳಗಿನಲ್ಲಿ ಇದರ ಸ್ವಲ್ಪ ಭಾಗವು ಮೀಸೆಯ ಮೇಲೆಯೂ ಗಡ್ಡದ ಮೇಲೆಯೂ ಹನಿಗಟ್ಟುತ್ತದೆ. ಇಬ್ಬನಿಯೂ ಅದಕ್ಕೆ ಸೇರುತ್ತದೆ. ಒಂದು ಗ್ರಾಂ ನೀರು ಆರುವಾಗ ಸುಮಾರು 2,400 ಜೂಲ್ ಉಷ್ಣವನ್ನು ಸುತ್ತಲಿನಿಂದ ಸೆಳೆದುಕೊಳ್ಳುತ್ತದೆ. ಒದ್ದೆಯಾದ ಗಡ್ಡದಿಂದ ತಾಸಿಗೆ 5 ಗ್ರಾಂ ನೀರು ಆರಿತೆಂದರೆ ಅದಕ್ಕೆ ಬೇಕಾಗುವ ಉಷ್ಣವು 3 ವಾಟಿಗೂ ಮಿಕ್ಕು. ಕೂದಲು ಉಳಿಸಿಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀರು ಹಿಂತೆಗೆದುಕೊಂಡಂತಾಯಿತು. ಧ್ರುವಪ್ರದೇಶದಲ್ಲಿ ಈ ತೇವವೇ ಹಿಮವಾಗುತ್ತದೆ. ಎಸ್ಕಿಮೊ ಜನರೊಡನೆ ವರ್ಷಗಟ್ಟಲೆ ಬಾಳಿದ ಅನ್ವೇಷಕ ವಿಲ್ಯಾಲ್ಮರ್ ಸ್ಟೆಫಾನ್ಸನ್ ಎಂಬಾತನು, ಗಡ್ಡದ ಮೇಲೆ ಉಸಿರು ಹೆಪ್ಪುಗಟ್ಟಿ ಮುಖದ ಮೇಲೊಂದು ಹಿಮದ ಮುಸುಕೇ ಏರ್ಪಡುವುದೆಂದೂ, ಗಲ್ಲವು ಮರಗಟ್ಟತೊಡಗಿದರೆ ಬೆಚ್ಚನೆಯ ಅಂಗೈಯನ್ನು ಅದಕ್ಕೆ ಒತ್ತಿ ಕಾಪಾಡಿಕೊಳ್ಳಲು ಆ ಮುಸುಕು ಅಡ್ಡಬರುವುದೆಂದೂ ತಿಳಿಸಿ, ಅಂಥ ಶೀತದಲ್ಲಿ ಗಡ್ಡ ಬೋಳಿಸಿಕೊಂಡಿರುವುದೇ ಕ್ಷೇಮವೆಂದು ಬರೆದಿದ್ದಾನೆ. ಲೋಕದ ಅತ್ಯಂತ ಶೀತಲವಾದ ನೆಲೆಗಳಲ್ಲಿ ಸಾವಿರಾರು ವರ್ಷಗಳಿಂದ ವಾಸಿಸುತ್ತ ಬಂದ ಆ ಜನರಿಗೆ ಮುಖದ ಮೇಲೆ ಕೂದಲು ತೀರ ವಿರಳ.

ಈ ಕೊನೆಯ ಸಂಗತಿಯು ನಮ್ಮನ್ನು ಇನ್ನೂ ಆಳವಾದ ಪ್ರಶ್ನೆಗೆ ಕರೆದೊಯ್ಯುತ್ತದೆ. ಪ್ರಕೃತಿಯು ಗಡ್ಡವನ್ನು ಶೀತನಿವಾರಣೆಗಾಗಿಯೇ ಕೊಟ್ಟಿದ್ದರೆ, ಶೀತವಿರುವಲ್ಲಿ ಅದು ದಟ್ಟವಾಗಿಯೂ ಇಲ್ಲದಲ್ಲಿ ವಿರಳವಾಗಿಯೂ ಇರಬೇಕಾಗಿತ್ತು. ಶೀತಕ್ಕೆ ಎಲ್ಲರಿಗಿಂತ ಬೇಗ ಈಡಾಗುವ ಎಳೆಯ ಮಕ್ಕಳಿಗೂ, ಪುರುಷರಷ್ಟೇ ಥಂಡಿಯಲ್ಲಿ ದುಡಿಯುವ ಸ್ತ್ರೀಯರಿಗೂ ಅದು ಇರಬೇಕಾಗಿತ್ತು. ಇವೊಂದೂ ಇಲ್ಲ. ಪ್ರಾಯಕ್ಕೆ ಬಂದ ಗಂಡಿಗೆ ಮಾತ್ರ, ಪುಂಸ್ತ್ವದ ರಸಗಳ ಪ್ರೇರಣೆಯಿಂದ ಅದು ಮೂಡುತ್ತದೆ. ಚಾರ್ಲ್ಸ್ ಡಾರ್ವಿನ್ನನು 1871ರಲ್ಲಿ ಪ್ರಕಟಿಸಿದ ಮನುಷ್ಯನ ವಂಶಾವತರಣದ ಗ್ರಂಥದಲ್ಲಿ, ನವಿಲಿನ ಗರಿಯಂತೆ ಗಡ್ಡವೂ ಸಂಗಾತಿಯ ಆಯ್ಕೆಯಿಂದ ಬೆಳೆದುಬಂದ ಅಲಂಕಾರವೆಂದು ಪ್ರತಿಪಾದಿಸಿದನು. ಇದೊಂದೇ ಕಾರಣವೆಂದು ಎಲ್ಲರೂ ಒಪ್ಪಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2020ರಲ್ಲಿ, ಗಡ್ಡವು ಗುದ್ದಾಟದಲ್ಲಿ ದವಡೆಯ ಎಲುಬನ್ನು ರಕ್ಷಿಸುವ ಮೆತ್ತೆಯಾಗಿರಬಹುದೆಂಬ ಊಹೆಯನ್ನು ಪರೀಕ್ಷಿಸಿದರು. ಮನುಷ್ಯನ ಗಡ್ಡದ ಬದಲಾಗಿ ಅವರು ಉಪಯೋಗಿಸಿದ್ದು ಉಣ್ಣೆಸಹಿತವಾದ ಕುರಿಯ ಚರ್ಮವನ್ನು! ಎಲುಬಿನಂಥ ಪದಾರ್ಥದ ಮೇಲೆ ಅದನ್ನು ಹೊದಿಸಿ ಭಾರವನ್ನು ಬೀಳಿಸಿದಾಗ, ಉಣ್ಣೆಯಿದ್ದ ತುಂಡುಗಳು ಉಣ್ಣೆಯಿಲ್ಲದವುಗಳಿಗಿಂತ ಸುಮಾರು ಶೇಕಡಾ 30ರಷ್ಟು ಹೆಚ್ಚು ಪೆಟ್ಟಿನ ಶಕ್ತಿಯನ್ನು ಹೀರಿಕೊಂಡುವು. ಕುರಿಯ ದಟ್ಟವಾದ ಉಣ್ಣೆಗೆ ಸಂದ ಫಲವನ್ನು ಮನುಷ್ಯನ ವಿರಳವಾದ ಗಡ್ಡಕ್ಕೆ ಪೂರ್ತಿಯಾಗಿ ಅನ್ವಯಿಸುವುದು ನನಗೆ ಉಚಿತವೆಂದು ತೋರುವುದಿಲ್ಲ.

ಇದಕ್ಕಿಂತ ನಿರ್ಣಾಯಕವಾದ ಸಾಕ್ಷ್ಯವು ಇಂಗ್ಲೆಂಡಿನ ಶೆಫೀಲ್ಡ್ ನಗರದಿಂದ ಬಂದಿದೆ. ರ‍್ಯಾಂಡಲ್ ಮತ್ತು ಎಬ್ಲಿಂಗ್ ಎಂಬ ವಿಜ್ಞಾನಿಗಳು ಆರೋಗ್ಯವಂತರಾದ ಪುರುಷರ ಕೂದಲಿನ ಬೆಳವಣಿಗೆಯನ್ನು ಋತುಮಾನಗಳ ಉದ್ದಕ್ಕೂ ಅಳೆದು 1991ರಲ್ಲಿ ಪ್ರಕಟಿಸಿದ ವರದಿಯಂತೆ, ಗಡ್ಡವು ಅತ್ಯಂತ ನಿಧಾನವಾಗಿ ಬೆಳೆಯುವುದು ಜನವರಿ ಮತ್ತು ಫೆಬ್ರುವರಿ ತಿಂಗಳುಗಳಲ್ಲಿ. ಅಲ್ಲಿಂದ ಮುಂದೆ ಏರುತ್ತ ಹೋಗಿ, ಜುಲೈ ತಿಂಗಳಿನಲ್ಲಿ ಆ ವೇಗವು ಚಳಿಗಾಲದ್ದಕ್ಕಿಂತ ಶೇಕಡಾ 60ರಷ್ಟು ಹೆಚ್ಚಾಗಿರುತ್ತದೆ. ಶೀತದೇಶಗಳ ಎಷ್ಟೋ ಪ್ರಾಣಿಗಳು ಚಳಿಗಾಲ ಬರುವ ಮೊದಲೇ ದಟ್ಟವಾದ ಹೊಸ ರೋಮವನ್ನು ತಳೆದು ಸಿದ್ಧವಾಗುತ್ತವೆ. ಮನುಷ್ಯನ ಗಡ್ಡವು ಅದಕ್ಕೆ ತೀರ ವಿರುದ್ಧವಾಗಿ ಚಳಿಯಲ್ಲಿ ಮಂದಗತಿಯನ್ನು ಹಿಡಿಯುತ್ತದೆ. ಶೀತವನ್ನು ಎದುರಿಸುವ ಸಾಧನವು ಹೀಗೆ ನಡೆದುಕೊಳ್ಳುವುದಿಲ್ಲ.

ನಮ್ಮ ಈ ಬಯಲುಸೀಮೆಯಲ್ಲಿ ಗಡ್ಡದಿಂದ ಉಪಯೋಗವೇನಾದರೂ ಇದ್ದರೆ ಅದು ಥಂಡಿಗಿಂತ ಬಿಸಿಲಿನಲ್ಲಿಯೇ ಹೆಚ್ಚು. ಆಸ್ಟ್ರೇಲಿಯಾದ ದಕ್ಷಿಣ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಬೊಂಬೆಯ ತಲೆಗಳಿಗೆ ಗಡ್ಡ ಅಂಟಿಸಿ ಬಿಸಿಲಿನಲ್ಲಿಟ್ಟು, ಸೂರ್ಯನ ಅತಿನೇರಳೆ ಕಿರಣಗಳು ಚರ್ಮಕ್ಕೆ ಎಷ್ಟು ತಲುಪುತ್ತವೆಂದು ಅಳೆದು 2012ರಲ್ಲಿ ಪ್ರಕಟಿಸಿದರು. ಕೂದಲಿನ ಉದ್ದವನ್ನೂ ಸೂರ್ಯನ ಎತ್ತರವನ್ನೂ ಅನುಸರಿಸಿ ರಕ್ಷಣೆಯ ಪ್ರಮಾಣವು 2ರಿಂದ 21 ಪಟ್ಟುಗಳವರೆಗೆ ಇತ್ತು. ನೆರಳಿಲ್ಲದ ಎರೆಹೊಲದಲ್ಲಿ ಚೈತ್ರ ವೈಶಾಖಗಳನ್ನು ಕಳೆಯುವ ಕುರಿಗಾರನಿಗೆ ಇದು ಅಲ್ಪವಾದ ಲಾಭವಲ್ಲ.

ಇಷ್ಟಾದ ಮೇಲೆ ಆ ಮುದುಕನ ಹೆಗಲಿನ ಕಂಬಳಿಯ ಕಡೆಗೆ ತಿರುಗೋಣ. ಗಡ್ಡದಲ್ಲಿ ಏನೇನು ಕೊರತೆಗಳನ್ನು ನಾವು ಕಂಡೆವೋ ಅವೆಲ್ಲವನ್ನೂ ಕಂಬಳಿ ನೇಯುವವರು ತಲೆತಲಾಂತರದಿಂದ ಬುದ್ಧಿಪೂರ್ವಕವಾಗಿ ತುಂಬುತ್ತ ಬಂದಿದ್ದಾರೆ. ವರ್ಷಕ್ಕೆರಡು ಸಲ ಕುರಿಯ ಮೈಯಿಂದ ಕತ್ತರಿಸಿದ ಉಣ್ಣೆಯನ್ನು ಬಿಡಿಸಿ, ಹಿಂಜಿ, ಹೆಂಗಸರು ನೂಲು ತೆಗೆಯುತ್ತಾರೆ. ಹಾಸುನೂಲಿಗೆ ಹುಣಿಸೆ ಬೀಜದ ಗಂಜಿಯನ್ನು ಹಚ್ಚಿ ಬಿಗಿಮಾಡಿ, ಕುಣಿಮಗ್ಗದಲ್ಲಿ ಕುಳಿತು ಗಂಡಸರು ನೇಯುತ್ತಾರೆ. ವಿರಳವಾಗಿದ್ದ ಎಳೆಗಳು ಇಲ್ಲಿ ದಟ್ಟವಾದುವು. ಬಾಗಿ ಇಬ್ಭಾಗವಾಗುತ್ತಿದ್ದವು ಹೆಣೆದು ನಿಂತುವು. ಗಾಳಿಗೆ ದಾರಿ ಮುಚ್ಚಿತು. ಬಳಸಿದಂತೆಲ್ಲ ಎಳೆಗಳು ಒಂದರೊಳಗೊಂದು ಸೇರಿಕೊಂಡು ಅರಿವೆಯು ಇನ್ನಷ್ಟು ಗಟ್ಟಿಯಾಗುತ್ತದೆ. ಉಣ್ಣೆಯು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು, ಕೈಗೆ ಒದ್ದೆಯೆನಿಸದಂತೆ, ಎಳೆಗಳ ಒಳಗಡೆಗೆ ಎಳೆದುಕೊಳ್ಳಬಲ್ಲುದು; ಹಾಗೆ ಎಳೆದುಕೊಳ್ಳುವಾಗ ಒಂದಿಷ್ಟು ಉಷ್ಣವನ್ನು ಹೊರಗೆಡಹುತ್ತದೆ ಕೂಡ. ಇಬ್ಬನಿ ಬಿದ್ದರೂ ಕಂಬಳಿ ಬೆಚ್ಚಗಿರುವುದರ ರಹಸ್ಯವಿದು. ಆ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ಕೊಪ್ಪಿ ಮಾಡಿ ತಲೆಗೆ ಹಾಕಿಕೊಂಡಾಗ, ತಲೆ, ಕಿವಿ, ಗಲ್ಲ, ಕೊರಳು, ಬೆನ್ನುಗಳೆಲ್ಲ ಒಂದೇ ಆವರಣದೊಳಗೆ ಸೇರಿ, ಉಸಿರಿನ ಬಿಸುಪು ಕೂಡ ವ್ಯರ್ಥವಾಗದೆ ಮುಖದ ಸುತ್ತಲೇ ಸುಳಿಯುತ್ತದೆ. ಹೊಲಿಗೆಯಿಲ್ಲದ, ಗುಂಡಿಯಿಲ್ಲದ ಒಂದೇ ಹಚ್ಚಡದಿಂದ ಇಷ್ಟೆಲ್ಲವನ್ನು ಸಾಧಿಸಿದ ಈ ರಚನೆಯನ್ನು ನೋಡಿದಾಗಲೆಲ್ಲ, ಅದನ್ನು ಕಲ್ಪಿಸಿದ ಹೆಸರಿಲ್ಲದ ಪೂರ್ವಿಕರಲ್ಲಿ ನನಗೆ ಗೌರವವುಂಟಾಗುತ್ತದೆ.

ಸಂಶಯವುಳ್ಳ ಓದುಗರು, ವಿಶೇಷವಾಗಿ ಶಾಲೆಯ ಮಕ್ಕಳು, ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ತಂಬಿಗೆಗಳಲ್ಲಿ ಒಂದೇ ಬಿಸಿಯ ನೀರು ತುಂಬಿ ಬಾಯಿ ಮುಚ್ಚಬೇಕು. ಒಂದನ್ನು ಬರಿದಾಗಿ ಬಿಟ್ಟು, ಇನ್ನೊಂದಕ್ಕೆ ಹಿಂಜಿದ ಉಣ್ಣೆಯನ್ನು ತಂಬಿಗೆ ಕಾಣುವಷ್ಟು ವಿರಳವಾಗಿ ಅಂಟಿಸಿ, ಮೂರನೆಯದಕ್ಕೆ ಕಂಬಳಿಯ ತುಂಡನ್ನು ಸುತ್ತಿ, ಮೊದಲು ಗಾಳಿಯಾಡದ ಕೋಣೆಯಲ್ಲಿ, ಆಮೇಲೆ ಫ್ಯಾನಿನ ಎದುರಿನಲ್ಲಿ ಇಟ್ಟು, ಅರ್ಧ ತಾಸಿನ ನಂತರ ಉಷ್ಣಮಾಪಕವನ್ನು ಅದ್ದಿ ನೋಡಬೇಕು. ವಿರಳವಾದ ಉಣ್ಣೆಗೂ ಕಂಬಳಿಗೂ ಇರುವ ಅಂತರವು ಫ್ಯಾನಿನ ಎದುರಿನಲ್ಲಿ ಎಷ್ಟು ಹಿಗ್ಗುವುದೆಂಬುದನ್ನು ಅವರು ತಮ್ಮ ಕಣ್ಣಿನಿಂದಲೇ ಕಾಣುವರು. ಕೊನೆಗೆ ಕಂಬಳಿಯ ತುಂಡನ್ನು ನೀರಿನಲ್ಲಿ ಪೂರ್ತಿ ತೋಯಿಸಿ ಸುತ್ತಿದರೆ, ನೀರು ತುಂಬಿದ ಅರಿವೆಯು ಎಂಥ ದುರ್ಬಲ ರಕ್ಷಕವೆಂಬುದೂ ತಿಳಿಯುತ್ತದೆ.

ದುಃಖದ ಸಂಗತಿಯೆಂದರೆ, ಈ ಕಂಬಳಿಯೇ ಈಗ ಅಪರೂಪವಾಗುತ್ತಿದೆ. ಗಿರಣಿಯ ಅಗ್ಗದ ಹೊದಿಕೆಗಳು ಸಂತೆಗಳನ್ನು ತುಂಬಿವೆ. ಉಣ್ಣೆಗೆ ತಕ್ಕ ಬೆಲೆ ಬಾರದೆ, ಕತ್ತರಿಸಿದ ಕೂಲಿಯೂ ಹುಟ್ಟದೆ, ದಖ್ಖನಿನ ಕುರಿಗಾರರು ಉಣ್ಣೆಯಿಲ್ಲದ, ಮಾಂಸಕ್ಕೆ ಹೆಚ್ಚು ಬೆಲೆ ತರುವ ತಳಿಗಳ ಕಡೆಗೆ ತಿರುಗಿದ್ದಾರೆ. ಕುಣಿಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆ. ಒಂದು ನೆಲದ ಹವೆಗೆ ಒಪ್ಪುವಂತೆ ಅದೇ ನೆಲದ ಪ್ರಾಣಿಯಿಂದ ಅದೇ ನೆಲದ ಜನರು ರೂಪಿಸಿದ ವಸ್ತುವನ್ನು ಕಳೆದುಕೊಳ್ಳುವುದು ಆ ನೆಲಕ್ಕೆ ನಷ್ಟವೆಂದೇ ನಾನು ಭಾವಿಸುತ್ತೇನೆ.

ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಗಡ್ಡ ಬಿಡಬೇಕೆನಿಸಿದವರು ಧಾರಾಳವಾಗಿ ಬಿಡಿ; ಬಿಸಿಲಿಗೆ ಅದು ಒದಗೀತು, ಸಣ್ಣ ಗಾಳಿಯಲ್ಲಿ ಗಲ್ಲಕ್ಕೆ ಹಿತವೂ ಆದೀತು. ಆದರೆ ಪುಷ್ಯಮಾಸದ ನಸುಕಿನಲ್ಲಿ ಹೊಲಕ್ಕೋ ಜಾತ್ರೆಗೋ ಹೊರಡುವಾಗಲೂ, ಮೋಟಾರ್ ಸೈಕಲ್ ಹತ್ತುವಾಗಲೂ, ಕಿವಿ, ಗಲ್ಲ, ಕೊರಳುಗಳನ್ನು ದಪ್ಪನಾದ ಒಣಬಟ್ಟೆಯಿಂದ ಮುಚ್ಚಿಕೊಳ್ಳಿ. ಒದ್ದೆಯಾದ ಗಡ್ಡವನ್ನು ಒರೆಸಿಕೊಂಡು ಹೊರಡಿ. ಮನೆಯಲ್ಲಿ ವೃದ್ಧರಿದ್ದರೆ ಅವರನ್ನು ಮೊದಲು ನೋಡಿ, ಏಕೆಂದರೆ ಮುಖಕ್ಕೆ ಶೀತ ತಗುಲಿದ ಮಾತ್ರಕ್ಕೇ ರಕ್ತದ ಒತ್ತಡವು ಏರುತ್ತದೆ, ವಯಸ್ಸಾದ ಹೃದಯಕ್ಕೆ ಅದು ಭಾರವಾಗುತ್ತದೆ. ಸಂತೆಯಲ್ಲಿ ಕೈಮಗ್ಗದ ಕಂಬಳಿ ಕಣ್ಣಿಗೆ ಬಿದ್ದರೆ, ಚೌಕಾಸಿ ಮಾಡದೆ ಒಂದನ್ನು ಕೊಂಡುಕೊಳ್ಳಿ.